ಹಳೇ ಮಾರುತಿ 800ರ ಮುಂದಿನ ಸಸ್ಪೆನ್ಷನ್: ಮನೆ ಅಂಗಳದಲ್ಲೇ ಬಿಚ್ಚಿ ಜೋಡಿಸುವ ಸಮಗ್ರ ಮಾರ್ಗದರ್ಶಿ

ಮಾರುತಿ 800 ಮೊದಲು ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಇವತ್ತು ಓಡುತ್ತಿರುವ ಅತಿ ಹೊಸ 800ಕ್ಕೂ ಹತ್ತು ವರ್ಷ ದಾಟಿದೆ. ತುಮಕೂರು ಕಡೆ ಇವು ಇನ್ನೂ ಬೇಕಾದಷ್ಟು ಕಾಣುತ್ತವೆ. ಇಂಜಿನ್ ಗಟ್ಟಿಮುಟ್ಟಾಗಿರುತ್ತದೆ, ಮೈಲೇಜೂ ಕೊಡುತ್ತದೆ. ಆದರೆ ಹಂಪ್ ಹತ್ತಿಳಿದ ಕೂಡಲೇ ಮುಂದಿನಿಂದ ಟಕ್ ಟಕ್ ಸದ್ದು. ಬ್ರೇಕ್ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಟೈರಿನ ಒಳ ಅಂಚು ಬೇಗ ಸವೆಯುತ್ತದೆ. ‘ಶಾಕಪ್ (ಶಾಕ್ ಅಬ್ಸಾರ್ಬರ್) ಹೋಗಿದೆ’ ಅಂತ ಯಾರೋ ಹೇಳುತ್ತಾರೆ, ಶಾಕಪ್ ಬದಲಾಯಿಸಿದರೂ ಸದ್ದು ಹಾಗೇ ಉಳಿಯುತ್ತದೆ.

ಯಾಕೆಂದರೆ ಈ ಗಾಡಿಯಲ್ಲಿ ಮೊದಲು ಸಾಯುವುದು ಉಕ್ಕಲ್ಲ, ರಬ್ಬರ್. ಲೋಹದ ಭಾಗಗಳ ನಡುವೆ ಕೂರುವ ರಬ್ಬರಿನ ಬುಷ್‌ಗಳು ಬಿಸಿಗೆ, ಎಣ್ಣೆಗೆ, ವಯಸ್ಸಿಗೆ ಬಿರುಕು ಬಿಡುತ್ತವೆ. ಹೊಸ ಬುಷ್ ಹಾಕಿದರೂ ಬೋಲ್ಟನ್ನು ತಪ್ಪು ಹೊತ್ತಿನಲ್ಲಿ ಬಿಗಿ ಮಾಡಿದರೆ ಅದೂ ಬೇಗ ಹರಿದುಹೋಗುತ್ತದೆ. ಇಡೀ ಕೆಲಸದಲ್ಲಿ ಎರಡು ಕಡೆ ತಾಳ್ಮೆ ಬೇಕು: ಬಿಚ್ಚುವ ಮೊದಲು ಯಾವ ಭಾಗ ಹೋಗಿದೆ ಅಂತ ನೋಡುವಾಗ, ಜೋಡಿಸಿದ ಮೇಲೆ ಕೊನೆಯ ಬಿಗಿ ಕೊಡುವಾಗ. ಮಿಕ್ಕಿದ್ದು ಪಾನಾ ಕೆಲಸ.

ಒಳಗೆ ಏನೇನಿದೆ

800ರ ಮುಂಭಾಗದ ಸಸ್ಪೆನ್ಷನ್, ಅಂದರೆ ಚಕ್ರವನ್ನು ಬಾಡಿಗೆ ಜೋಡಿಸಿ ರಸ್ತೆಯ ಏಟು ತಡೆಯುವ ವ್ಯವಸ್ಥೆ, ಮೆಕ್‌ಫರ್ಸನ್ ಸ್ಟ್ರಟ್ ಮಾದರಿಯದು. ಅರ್ಲ್ ಮೆಕ್‌ಫರ್ಸನ್ ಅನ್ನುವ ಅಮೆರಿಕದ ಇಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಪದ್ಧತಿ ಇದು. ಬಿಡಿಭಾಗ ಕಡಿಮೆ, ಹಿಡಿಯುವ ಜಾಗವೂ ಕಡಿಮೆ. ಹಾಗಾಗಿ ಸಣ್ಣ ಕಾರಿಗೆ ಹೇಳಿ ಮಾಡಿಸಿದ ಹಾಗಿದೆ. ಶಾಕ್ ಅಬ್ಸಾರ್ಬರ್, ಅದರ ಸುತ್ತ ಸ್ಪ್ರಿಂಗ್, ಮೇಲೆ ರಬ್ಬರ್ ಮೌಂಟಿಂಗ್, ಅದರಲ್ಲೊಂದು ಬೇರಿಂಗ್. ಇಷ್ಟೂ ಸೇರಿ ಒಂದು ಕಂಬ. ಕಂಬದ ತುದಿ ಬಾನೆಟ್ ಕೆಳಗೆ ಗಾಡಿಯ ಬಾಡಿಗೆ ಕೂರುತ್ತದೆ, ಬುಡ ಎರಡು ಬೋಲ್ಟಿನಲ್ಲಿ ನಕಲ್‌ಗೆ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗಕ್ಕೆ) ಕೂರುತ್ತದೆ. ನಕಲ್ ಕೆಳಗೆ ಎಲ್ಲ ಕಡೆ ತಿರುಗುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್, ಅಲ್ಲಿಂದ ಒಳಕ್ಕೆ ಕೆಳತೋಳು, ಅಂದರೆ ಲೋಯರ್ ಆರ್ಮ್, ಆರ್ಮಿನ ಒಳತುದಿಯಲ್ಲಿ ಒಂದು ಬುಷ್. ಚಕ್ರವನ್ನು ಎಡಬಲಕ್ಕೆ ತಿರುಗಿಸುವುದು ಟೈ ರಾಡ್ ಎಂಡ್.

ಇನ್ನು ಸ್ಟೆಬಿಲೈಜರ್ ರಾಡ್. ಬೇರೆ ಎಷ್ಟೋ ಕಾರುಗಳಲ್ಲಿ ಇದರ ಕೆಲಸ ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವುದಷ್ಟೇ. 800ರಲ್ಲಿ ಹಾಗಲ್ಲ. ಇಲ್ಲಿ ಲೋಯರ್ ಆರ್ಮ್ ಒಂಟಿ ಪಟ್ಟಿ, ಅದು ಹಿಂದೆಮುಂದೆ ಜರುಗದಂತೆ ಹಿಡಿದಿರುವುದೂ ಇದೇ ರಾಡ್. ರಾಡಿನ ತುದಿ ಆರ್ಮಿನ ತೂತಿನಲ್ಲಿ ತೂರಿ, ಎರಡೂ ಕಡೆ ಬುಷ್ ಇಟ್ಟು ನಟ್ ಹಾಕಿರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ತಳ್ಳಲ್ಪಡುತ್ತದೆ. ಆ ಬುಷ್ ಸವೆದಿದ್ದರೆ ಆರ್ಮ್ ಹಿಂದಕ್ಕೆ ಜಾರಿ ಠಕ್ ಅನ್ನುತ್ತದೆ. ಬ್ರೇಕ್ ಹೊಡೆದಾಗ ಒಂದು ಸಲ, ಬಿಟ್ಟು ಎಕ್ಸಲರೇಟರ್ ಕೊಟ್ಟಾಗ ಇನ್ನೊಂದು ಸಲ ಠಕ್ ಅಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಸಣ್ಣ ಬುಷ್, ಬೆಲೆಯೂ ಕಮ್ಮಿ. ಅದಕ್ಕೇ ಏನೋ ಇದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

800ರದ್ದು 12 ಇಂಚಿನ ರಿಮ್. ಸಣ್ಣ ಚಕ್ರ ಗುಂಡಿಯೊಳಗೆ ಜಾಸ್ತಿ ಇಳಿಯುತ್ತದೆ, ಏಟೂ ಜಾಸ್ತಿ ಬೀಳುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿಯುವ ಗಾಡಿಗಳ ಬುಷ್ ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ.

ಬಿಚ್ಚುವ ಮೊದಲು ನೋಡಿ

ಗಾಡಿ ನೆಲದ ಮೇಲಿರುವಾಗಲೇ ಶುರು ಮಾಡಿ. ಮುಂದಿನ ಒಂದು ಮೂಲೆಯನ್ನು ಕೈಯಿಂದ ಬಲವಾಗಿ ಒತ್ತಿ ಬಿಡಿ. ಒಂದು ಸಲ ಮೇಲೆದ್ದು ನಿಂತರೆ ಶಾಕಪ್ ಪರವಾಗಿಲ್ಲ. ಎರಡು ಮೂರು ಸಲ ತೂಗಾಡಿದರೆ ಹೋಗಿದೆ. ಶಾಕಪ್ ಕೊಳವೆ ಮೇಲೆ ಎಣ್ಣೆ ಇಳಿದು ಧೂಳು ಮೆತ್ತಿ ಕಪ್ಪಗಾಗಿದ್ದರೂ ಹೋಗಿದೆ ಅಂತಲೇ ಅರ್ಥ.

ಇನ್ನೊಬ್ಬರನ್ನು ಸ್ಟೇರಿಂಗ್ ಹಿಂದೆ ಕೂರಿಸಿ ಎಡಕ್ಕೂ ಬಲಕ್ಕೂ ನಿಧಾನ ತಿರುಗಿಸಲು ಹೇಳಿ. ನೀವು ಬಾನೆಟ್ ಎತ್ತಿ ಸ್ಟ್ರಟ್ ಮೇಲ್ತುದಿ ನೋಡಿ, ಸ್ಪ್ರಿಂಗ್ ಮೇಲೆ ಅಂಗೈ ಇಡಿ. ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬೇಡಿ. ಸ್ಪ್ರಿಂಗ್ ಸರಾಗವಾಗಿ ತಿರುಗುವ ಬದಲು ತಡೆದು ತಡೆದು ಜಿಗಿದರೆ ಮೇಲಿನ ಬೇರಿಂಗ್ ಕಚ್ಚಿಕೊಂಡಿದೆ. ಶಾಕಪ್ ಬದಲಾಯಿಸುವಾಗ ಈ ಬೇರಿಂಗನ್ನು ಹಳೆಯದೇ ಬಿಟ್ಟರೆ ಸ್ಟೇರಿಂಗ್ ಭಾರ ಹಾಗೇ ಇರುತ್ತದೆ.

ಆಮೇಲೆ ಚಕ್ರ ಎತ್ತಿ. ಚಕ್ರದ ಮೇಲೆ ಕೆಳಗೆ ಕೈಯಿಟ್ಟು ಅಲುಗಾಡಿಸಿ. ಆಟ (ಸಡಿಲ ಅಲುಗಾಟ) ಇದ್ದರೆ ಅದು ಬಾಲ್ ಜಾಯಿಂಟೂ ಇರಬಹುದು, ವೀಲ್ ಬೇರಿಂಗೂ ಇರಬಹುದು. ಇದನ್ನು ಬೇರೆ ಮಾಡುವ ಉಪಾಯ ಸುಲಭ: ಒಳಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಆಟ ಮಾಯವಾದರೆ ಬೇರಿಂಗ್. ಹಾಗೇ ಉಳಿದರೆ ಬಾಲ್ ಜಾಯಿಂಟ್. ಈಗ ಚಕ್ರವನ್ನು ಎಡಬಲದಲ್ಲಿ ಹಿಡಿದು ಅಲುಗಾಡಿಸಿ. ಇಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್, ಇಲ್ಲವೇ ಅದರ ಹಿಂದೆ ಸ್ಟೇರಿಂಗ್ ಕಡೆಗಿರುವ ಕೀಲು, ಅಂದರೆ ರ‍್ಯಾಕ್ ಎಂಡ್. ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟುಕೊಂಡೇ ಅಲುಗಾಡಿಸಿದರೆ ಆಟ ಬೆರಳಿಗೆ ಗೊತ್ತಾಗುತ್ತದೆ. ಕೊನೆಗೆ ಸಣ್ಣ ಹಾರೆಯಿಂದ ಲೋಯರ್ ಆರ್ಮಿನ ಬುಷ್ ಹತ್ತಿರ ಮೀಟಿ ನೋಡಿ. ರಬ್ಬರ್ ಸ್ವಲ್ಪ ಬಾಗಬೇಕು. ಲೋಹಕ್ಕೆ ಲೋಹ ತಾಗಿ ಸದ್ದು ಬಂದರೆ ಬುಷ್ ಮುಗಿದಿದೆ.

ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ಸಾಮಾನು ಮತ್ತು ಉಪಕರಣ

ಯಾವುದನ್ನೇ ಬದಲಾಯಿಸಿದರೂ ಎರಡೂ ಪಕ್ಕ ಬದಲಾಯಿಸಿ. ‘ಒಂದು ಸೈಡ್ ಸಾಕಲ್ವಾ ಸರ್’ ಅಂತ ಅಂಗಡಿಯವರು ಕೇಳಿದರೂ ಜೋಡಿಯೇ ತನ್ನಿ. ಒಂದು ಕಡೆ ಹೊಸ ಶಾಕಪ್, ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹೊಡೆದಾಗ ಗಾಡಿ ಓರೆಯಾಗುತ್ತದೆ. ಪೂರ್ತಿ ಕೆಲಸಕ್ಕೆ ಬೇಕಾಗುವುದು ಇಷ್ಟು: ಶಾಕಪ್, ಸ್ಟ್ರಟ್ ಮೌಂಟಿಂಗ್ ಮತ್ತು ಬೇರಿಂಗ್, ಶಾಕಪ್ ಪೂರ್ತಿ ಒತ್ತಿದಾಗ ಏಟು ತಡೆಯುವ ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್, ಬಾಲ್ ಜಾಯಿಂಟ್ ಸಮೇತ ಲೋಯರ್ ಆರ್ಮ್, ಸ್ಟೆಬಿಲೈಜರ್ ರಾಡಿನ ತುದಿ ಬುಷ್ ಮತ್ತು ಬಾಡಿಗೆ ಹಿಡಿಯುವ ಬುಷ್, ಟೈ ರಾಡ್ ಎಂಡ್. ನಟ್ ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವ ಹೊಸ ಕಾಟರ್ ಪಿನ್ ಮರೆಯಬೇಡಿ. ಹಳೇ ಕಾಟರ್ ಪಿನ್ ನೆಟ್ಟಗೆ ಮಾಡಿ ಮತ್ತೆ ಹಾಕುವ ಅಭ್ಯಾಸ ಬೇಡವೇ ಬೇಡ.

ಬಾಲ್ ಜಾಯಿಂಟ್ ಹೋಗಿದ್ದರೆ ಇಡೀ ಲೋಯರ್ ಆರ್ಮೇ ಹೊಸದು ತರುವುದು ಒಳ್ಳೆಯದು. ಹೊಸ ಬುಷ್ಷೂ ಅದರಲ್ಲೇ ಕೂತು ಬರುತ್ತದೆ, ಪ್ರೆಸ್ ಮಾಡಿಸುವ ತಾಪತ್ರಯ ಇಲ್ಲ. ಅಂಗಡಿಯಲ್ಲೇ ಬಾಲ್ ಜಾಯಿಂಟಿನ ಪಿನ್ ಹಿಡಿದು ತಿರುಗಿಸಿ ನೋಡಿ. ಹೊಸದು ಬಿಗಿಯಾಗಿ, ಒಂದೇ ಸಮನಾಗಿ ತಿರುಗಬೇಕು. ಲೊಳಲೊಳ ಅಂದರೆ ವಾಪಸ್ ಕೊಡಿ. ರಬ್ಬರ್ ಸಾಮಾನನ್ನು ಉಗುರಿನಿಂದ ಒತ್ತಿ ನೋಡಿ. ವರ್ಷಗಟ್ಟಲೆ ಕಪಾಟಿನಲ್ಲಿ ಕೂತು ಗಟ್ಟಿಯಾದ ಬುಷ್ ಹೊಸದಾದರೂ ಹಳೆಯದೇ. ತುಮಕೂರಿನಲ್ಲಿ ಸಿಗದಿದ್ದರೆ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆಸಿ ರಸ್ತೆ ಇದ್ದೇ ಇದೆ.

ಉಪಕರಣ: 12, 14, 17, 19ರ ಸಾಕೆಟ್ ಮತ್ತು ರಿಂಗ್ ಪಾನಾ, ಉದ್ದದ ಹಿಡಿ, ಸುತ್ತಿಗೆ ಎರಡು, ಸಣ್ಣ ಹಾರೆ, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ. ಬೋಲ್ಟಿನ ಬಿಗಿಯನ್ನು 20ರಿಂದ 100 ನ್ಯೂಟನ್ ಮೀಟರ್‌ವರೆಗೆ ಅಳೆಯುವ ಟಾರ್ಕ್ ರೆಂಚ್ ಕೊಳ್ಳಿ, ಇಲ್ಲವೇ ಬಾಡಿಗೆಗೆ ತನ್ನಿ. ನಿಮ್ಮ ಮಾಡೆಲಿನ ವರ್ಕ್‌ಶಾಪ್ ಕೈಪಿಡಿಯಿಂದ ಒಂದೊಂದು ಬೋಲ್ಟಿನ ಬಿಗಿಯನ್ನೂ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಎರಡು ಗಟ್ಟಿ ಆಕ್ಸಲ್ ಸ್ಟ್ಯಾಂಡ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಸೈಜುಗಲ್ಲು, ಇಟ್ಟಿಗೆ, ಹಾಲೋ ಬ್ಲಾಕ್ ಯಾವುದೂ ಆಗದು. ಸಿಮೆಂಟ್ ಬ್ಲಾಕ್ ಮುನ್ಸೂಚನೆ ಇಲ್ಲದೆ ಪುಡಿಯಾಗುತ್ತದೆ. ಬರೀ ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ತಲೆ ಹಾಕಬೇಡಿ.

ಬಿಚ್ಚುವುದು

ಹಿಂದಿನ ದಿನ ಸಂಜೆಯೇ ಎಲ್ಲ ಬೋಲ್ಟುಗಳ ಮಣ್ಣನ್ನು ವೈರ್ ಬ್ರಷ್‌ನಲ್ಲಿ ಉಜ್ಜಿ ಸ್ಪ್ರೇ ಹೊಡೆದು ಬಿಡಿ. ನಮ್ಮ ಕಡೆಯ ಒಣ ಹವೆಯಲ್ಲಿ ಓಡಿದ ಕೆಎ-06 ಗಾಡಿಗಳ ಬೋಲ್ಟ್ ಸಾಮಾನ್ಯವಾಗಿ ಸುಲಭವಾಗಿ ಬಿಡುತ್ತವೆ. ಕೆಎ-19, ಕೆಎ-20 ನಂಬರಿನ ಗಾಡಿ, ಅಂದರೆ ಮಂಗಳೂರು, ಉಡುಪಿಯಲ್ಲಿ ಓಡಿದ್ದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ ತುಕ್ಕು ಜಾಸ್ತಿ ಇರುತ್ತದೆ. ಅದಕ್ಕೆ ಒಂದು ದಿನ ಹೆಚ್ಚೇ ಇಟ್ಟುಕೊಳ್ಳಿ.

ಸಮತಟ್ಟಾದ ಕಾಂಕ್ರೀಟ್ ಅಥವಾ ಚಪ್ಪಡಿ ಹಾಸಿದ ಅಂಗಳದಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ. ಎರಡೂ ಪಕ್ಕವನ್ನು ಒಟ್ಟಿಗೇ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಒಂದೇ ಪಕ್ಕ ಎತ್ತಿದರೆ ಸ್ಟೆಬಿಲೈಜರ್ ರಾಡ್ ತಿರುಚಿಕೊಂಡು ನಿಂತಿರುತ್ತದೆ. ಆಗ ಅದರ ನಟ್ ಬಿಚ್ಚಿದರೆ ರಾಡ್ ಸಿಡಿಯುತ್ತದೆ, ಮತ್ತೆ ಕೂರಿಸುವುದೂ ಕಷ್ಟ. ಸ್ಟ್ಯಾಂಡ್ ಇಡಬೇಕಾದ್ದು ಬಾಡಿಯ ಜಾಕಿ ಪಾಯಿಂಟ್ ಕೆಳಗೆ, ಲೋಯರ್ ಆರ್ಮ್ ಕೆಳಗಲ್ಲ. ಕೂರಿಸಿದ ಮೇಲೆ ಗಾಡಿಯನ್ನು ಪಕ್ಕದಿಂದ ಒಮ್ಮೆ ತಳ್ಳಿ ನೋಡಿ. ಅಲುಗಾಡಿದರೆ ಇಳಿಸಿ ಮತ್ತೆ ಕೂರಿಸಿ.

ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಅನುಮಾನ ಬಂದರೆ ಬಿಚ್ಚದ ಪಕ್ಕವನ್ನು ನೋಡಿಕೊಳ್ಳಬಹುದು.

ಮೊದಲು ಟೈ ರಾಡ್ ಎಂಡ್. ಲಾಕ್ ನಟ್ ಕೂತ ಜಾಗಕ್ಕೆ ಪೇಂಟಿನಲ್ಲಿ ಗೆರೆ ಎಳೆಯಿರಿ. ಕಾಟರ್ ಪಿನ್ ತೆಗೆದು ನಟ್ಟನ್ನು ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಪುಲ್ಲರ್ ಇದ್ದರೆ ಸರಿ. ಇಲ್ಲದಿದ್ದರೆ ಪಿನ್ ಕೂತಿರುವ ನಕಲ್ ತೋಳಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಆನಿಸಿ, ಎದುರು ಪಕ್ಕಕ್ಕೆ ಇನ್ನೊಂದು ಸುತ್ತಿಗೆಯಿಂದ ಏಟು ಕೊಡಿ. ಒಳಗಿನ ಓರೆ ಹಿಡಿತ ಬಿಟ್ಟು ಪಿನ್ ತಾನೇ ಕೆಳಗಿಳಿಯುತ್ತದೆ. ಪಿನ್ನಿನ ಥ್ರೆಡ್ ಮೇಲೆ ಮಾತ್ರ ಹೊಡೆಯಬೇಡಿ.

ಸ್ಟೆಬಿಲೈಜರ್ ತುದಿಯ ಕಾಟರ್ ಪಿನ್, ನಟ್ ತೆಗೆಯುವಾಗ ವಾಷರ್ ಮತ್ತು ಬುಷ್ ಯಾವ ಕ್ರಮದಲ್ಲಿದ್ದವು, ವಾಷರಿನ ಉಬ್ಬು ಯಾವ ಕಡೆಗಿತ್ತು ಅಂತ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಬಾಲ್ ಜಾಯಿಂಟ್. ಅದರ ಪಿನ್ನನ್ನು ನಕಲ್ ಒಂದು ಅಡ್ಡ ಬೋಲ್ಟಿನಿಂದ ಅಪ್ಪಿ ಹಿಡಿದಿರುತ್ತದೆ. ಈ ಬೋಲ್ಟ್ ಪಿನ್ನಿನ ಮೇಲಿನ ಕಚ್ಚಿನೊಳಗೆ ಹಾಯ್ದು ಹೋಗುವುದರಿಂದ ಸಡಿಲಿಸಿದರೆ ಸಾಲದು, ಪೂರ್ತಿ ಹೊರಗೆ ಎಳೆಯಬೇಕು. ಸೀಳಿನೊಳಗೆ ಚಪ್ಪಟೆ ಉಳಿ ಇಟ್ಟು ಸ್ವಲ್ಪ ಅಗಲಿಸಿ, ಹಾರೆಯಿಂದ ಆರ್ಮನ್ನು ಕೆಳಕ್ಕೆ ಮೀಟಿ. ಕೊನೆಗೆ ಒಳತುದಿಯ ಬೋಲ್ಟ್ ತೆಗೆದರೆ ಆರ್ಮ್ ಕೈಗೆ ಬರುತ್ತದೆ.

ಸ್ಟ್ರಟ್ ತೆಗೆಯುವ ಮುಂಚೆ ಬ್ರೇಕ್ ಹೋಸನ್ನು ಅದರ ಕ್ಲಿಪ್ಪಿನಿಂದ ಬಿಡಿಸಿ. ಬುಡದ ಎರಡು ಬೋಲ್ಟ್ ತೆಗೆದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ. ಅದನ್ನು ಹಾಗೇ ಬಿಟ್ಟರೆ ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಗೇರ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿ ಗೇರ್ ಆಯಿಲ್ ಸೋರಲೂಬಹುದು. ದಪ್ಪ ತಂತಿಯಿಂದ ನಕಲನ್ನು ಬಾಡಿಗೆ ಕಟ್ಟಿ ನಿಲ್ಲಿಸಿ. ಮೇಲಿನ ನಟ್ಟುಗಳನ್ನು ತೆಗೆಯುವಾಗ ಒಬ್ಬರು ಸ್ಟ್ರಟ್ ಹಿಡಿದಿರಬೇಕು. ಇಲ್ಲಿ ತೆಗೆಯಬೇಕಾದ್ದು ಬಾಡಿಗೆ ಹಿಡಿದಿರುವ ನಟ್ಟುಗಳನ್ನು ಮಾತ್ರ. ನಡುವಿನ ದೊಡ್ಡ ನಟ್ಟಿಗೆ ಕೈ ಹಚ್ಚಬೇಡಿ.

ಸ್ಪ್ರಿಂಗ್

ಆ ನಡುವಿನ ನಟ್ ಒತ್ತಿಹಿಡಿದ ಸ್ಪ್ರಿಂಗನ್ನು ಕಟ್ಟಿಹಾಕಿದೆ. ಸ್ಪ್ರಿಂಗ್ ಅದುಮದೆ ಅದನ್ನು ಬಿಚ್ಚಿದರೆ ಮೌಂಟಿಂಗ್ ಗುಂಡಿನ ವೇಗದಲ್ಲಿ ಹಾರುತ್ತದೆ. ಕೈ ಮುರಿದೀತು, ಮುಖಕ್ಕೆ ಬಡಿದರೆ ಪ್ರಾಣವೇ ಹೋದೀತು. ಎದುರುಬದುರು ಹಾಕುವ ಕೊಕ್ಕೆಯ ಸ್ಪ್ರಿಂಗ್ ಕಂಪ್ರೆಸರ್ ಜೋಡಿ ಬೇಕೇ ಬೇಕು. ತಂತಿ ಸುತ್ತಿ, ಹಗ್ಗ ಬಿಗಿದು ಮಾಡುವ ಕೆಲಸ ಅಲ್ಲ ಇದು. ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ಟುಗಳನ್ನು ಹಾಗೇ ಗ್ಯಾರೇಜಿಗೆ ಒಯ್ದು ಇಷ್ಟು ಮಾತ್ರ ಮಾಡಿಸಿಕೊಂಡು ಬನ್ನಿ. ನನ್ನ ಸಲಹೆಯೂ ಅದೇ, ಮೊದಲ ಸಲ ಮಾಡುವವರಿಗಂತೂ.

ನೀವೇ ಮಾಡುವುದಾದರೆ ಎರಡು ಕಂಪ್ರೆಸರನ್ನೂ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಮೇಲಿನ ಸೀಟಿನಿಂದ ಸ್ಪ್ರಿಂಗ್ ಸಡಿಲವಾಗಿ, ಕೈಯಲ್ಲಿ ತಿರುಗಿಸಿದರೆ ತಿರುಗುವಂತಾಗಬೇಕು. ಆಮೇಲೆ ನಟ್. ಶಾಕಪ್ಪಿನ ಹೊಳೆಯುವ ರಾಡನ್ನು ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿಯಬೇಡಿ. ಅದರ ಮೇಲೆ ಒಂದು ಗೀರು ಬಿದ್ದರೆ ಆಯಿಲ್ ಸೀಲ್ ಹರಿಯುತ್ತದೆ.

ಮೊದಲ ಪಕ್ಕದ ಸ್ಪ್ರಿಂಗನ್ನು ಚಪ್ಪಡಿ ಮೇಲೆ ನಿಲ್ಲಿಸಿ ಎತ್ತರ ಅಳೆದಿಟ್ಟುಕೊಳ್ಳಿ, ಇನ್ನೊಂದು ಪಕ್ಕ ಬಿಚ್ಚಿದಾಗ ಹೋಲಿಸಿ ನೋಡಿ. ಒಂದು ಕುಗ್ಗಿದ್ದರೆ ಎರಡನ್ನೂ ಬದಲಾಯಿಸಿ. ಹೊಸ ಶಾಕಪ್ಪನ್ನು ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಮಲಗಿಸಿಟ್ಟಿದ್ದಾಗ ಒಳಗೆ ಸೇರಿದ ಗಾಳಿ ಹೋಗಿ ಎಳೆತ ಒಂದೇ ಸಮನಾಗುವವರೆಗೆ ಹೀಗೆ ಮಾಡಬೇಕು. ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ಸರಿಯಾಗಿ ಆನಿಕೊಂಡಿದೆಯಾ ಅಂತ ನೋಡಿ, ನಟ್ ಪೂರ್ತಿ ಬಿಗಿದು, ಆಮೇಲೆ ಕಂಪ್ರೆಸರ್ ಸಡಿಲಿಸಿ.

ಎಲ್ಲ ಬಿಚ್ಚಿರುವಾಗ ಬಾಡಿಯನ್ನೂ ನೋಡಿಬಿಡಿ. ಸ್ಟ್ರಟ್ ಕೂರುವ ಗೂಡಿನ ಅಂಚು, ಸ್ಟೆಬಿಲೈಜರ್ ಬ್ರಾಕೆಟ್ ಕೂರುವ ಜಾಗ, ಆರ್ಮಿನ ಬೋಲ್ಟ್ ಕೂರುವ ಜಾಗ. ಅಲ್ಲಿ ಬಿರುಕೋ ತುಕ್ಕಿನ ತೂತೋ ಕಂಡರೆ ಜೋಡಿಸುವುದನ್ನು ನಿಲ್ಲಿಸಿ, ಮೊದಲು ವೆಲ್ಡಿಂಗ್ ಆಗಬೇಕು.

ಜೋಡಿಸುವುದು ಮತ್ತು ಕೊನೆಯ ಬಿಗಿ

ಬಿಚ್ಚಿದ್ದಕ್ಕೆ ಹಿಂದುಮುಂದಾಗಿ ಜೋಡಿಸುತ್ತಾ ಹೋಗಿ. ಪ್ರತಿ ಬೋಲ್ಟನ್ನೂ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಬುಷ್ ಜಾರಲಿ ಅಂತ ಗ್ರೀಸ್ ಹಚ್ಚುವವರಿದ್ದಾರೆ. ಮಾಮೂಲಿ ಗ್ರೀಸ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ, ಅದರ ಬದಲು ಸೋಪು ನೀರು ಸಾಕು. ಬಾಲ್ ಜಾಯಿಂಟಿನ ಪಿನ್ ಪೂರ್ತಿ ಮೇಲಕ್ಕೆ ಹೋಗಿ ಅದರ ಕಚ್ಚು ಬೋಲ್ಟಿನ ತೂತಿಗೆ ಎದುರಾದಾಗ ಮಾತ್ರ ಅಡ್ಡ ಬೋಲ್ಟ್ ಸಲೀಸಾಗಿ ಹೋಗುತ್ತದೆ. ಹೋಗದಿದ್ದರೆ ಸುತ್ತಿಗೆಯಿಂದ ಹೊಡೆದು ತೂರಿಸಬೇಡಿ, ಪಿನ್ನನ್ನು ಮೇಲೆತ್ತಿ.

ಸ್ಟ್ರಟ್ಟಿನ ಬುಡದ ಬೋಲ್ಟ್, ಬಾಲ್ ಜಾಯಿಂಟಿನ ಬೋಲ್ಟ್, ಟೈ ರಾಡ್ ಎಂಡಿನ ನಟ್, ಇವೆಲ್ಲ ಲೋಹಕ್ಕೆ ಲೋಹ. ಗಾಡಿ ಮೇಲಿರುವಾಗಲೇ ಕೈಪಿಡಿಯ ಲೆಕ್ಕಕ್ಕೆ ಪೂರ್ತಿ ಬಿಗಿ ಮಾಡಿ. ಕಾಟರ್ ಪಿನ್ ತೂತು ನಟ್ಟಿನ ಸೀಳಿಗೆ ಸರಿಹೊಂದದಿದ್ದರೆ ನಟ್ಟನ್ನು ಮುಂದಿನ ಸೀಳಿಗೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ.

ಲೋಯರ್ ಆರ್ಮಿನ ಒಳ ಬೋಲ್ಟ್ ಮತ್ತು ಸ್ಟೆಬಿಲೈಜರ್ ತುದಿಯ ನಟ್ ಮಾತ್ರ ಈಗ ಬಿಗಿ ಮಾಡುವ ಹಾಗಿಲ್ಲ. ಆಟ ಇಲ್ಲದಷ್ಟು ತಿರುಗಿಸಿ ಬಿಡಿ. ಕಾರಣ ಹೀಗಿದೆ. ಆರ್ಮಿನ ಬುಷ್ ಒಳಗೊಂದು ಲೋಹದ ತೋಳು, ಅದಕ್ಕೆ ರಬ್ಬರ್ ಅಂಟಿಕೊಂಡಿದೆ. ಬೋಲ್ಟ್ ಬಿಗಿಯಾದರೆ ಆ ತೋಳು ಬಾಡಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರಿನ ತಿರುಚಾಟದಿಂದಲೇ. ಗಾಡಿ ಎತ್ತಿರುವಾಗ ಆರ್ಮ್ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲೇ ಬಿಗಿದರೆ, ಗಾಡಿ ಕೆಳಗಿಳಿದ ಗಳಿಗೆಯಿಂದ ರಬ್ಬರ್ ಹಿಂಡಿದ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಂಡೇ ಇರುತ್ತದೆ. ಗಾಡಿ ಸುಮ್ನೆ ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಹಂಪ್ ಮೇಲೆ ಇನ್ನಷ್ಟು ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ‘ಡೂಪ್ಲಿಕೇಟ್ ಬುಷ್, ಬಾಳಿಕೆ ಬರಲಿಲ್ಲ’ ಅಂತ ಬೈಸಿಕೊಳ್ಳುವ ಎಷ್ಟೋ ಬುಷ್‌ಗಳು ನಿಜವಾಗಿ ಸತ್ತದ್ದು ಹೀಗೆ.

ಆದ್ದರಿಂದ ಚಕ್ರ ಹಾಕಿ, ಗಾಡಿ ಇಳಿಸಿ. ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಮುಂದಿನ ಎರಡೂ ಚಕ್ರಗಳ ಮುಂದೆ ಅಗಲದ ದಪ್ಪ ಹಲಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ, ಒಬ್ಬರು ಮುಂದೆ ನಿಂತು ನೋಡುತ್ತಿರುವಾಗ ನಿಧಾನ ಹತ್ತಿಸಿ. ಕೈ ಮತ್ತು ಪಾನಾ ಹೋಗುವಷ್ಟು ಎತ್ತರ ಸಾಕು. ಹ್ಯಾಂಡ್‌ಬ್ರೇಕ್, ಗೇರ್, ಹಿಂದಿನ ಚಕ್ರಕ್ಕೆ ಅಡ್ಡ, ಮೂರೂ ಇರಲಿ. ಮುಂಭಾಗವನ್ನು ಕೈಯಿಂದ ಕೆಲವು ಸಲ ಒತ್ತಿ ಬಿಟ್ಟು ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಕೂರಲು ಬಿಡಿ. ಈಗ ಆರ್ಮಿನ ಬೋಲ್ಟ್, ಸ್ಟೆಬಿಲೈಜರ್ ನಟ್, ಬ್ರಾಕೆಟ್ ಬೋಲ್ಟ್ ಎಲ್ಲವನ್ನೂ ಟಾರ್ಕ್ ರೆಂಚಿನಲ್ಲಿ ಬಿಗಿದು ಕಾಟರ್ ಪಿನ್ ಹಾಕಿ. ಬಿಗಿದ ಪ್ರತಿ ನಟ್ಟಿಗೂ ಪೇಂಟಿನಲ್ಲಿ ನಟ್ ಮತ್ತು ಬಾಡಿ ಎರಡಕ್ಕೂ ಸೇರುವ ಹಾಗೆ ಒಂದು ಗೆರೆ ಎಳೆಯಿರಿ.

ಅಲೈನ್‌ಮೆಂಟ್ ಮತ್ತು ಓಡಿಸಿ ನೋಡುವುದು

ಟೈ ರಾಡ್ ಎಂಡನ್ನು ಹಳೇ ಗೆರೆಗೇ ತಿರುಗಿಸಿ ಕೂರಿಸಿದ್ದರೂ ಅಲೈನ್‌ಮೆಂಟ್, ಅಂದರೆ ಚಕ್ರಗಳು ನೇರ ನಿಲ್ಲುವ ಹೊಂದಾಣಿಕೆ, ಬದಲಾಗಿಯೇ ಇರುತ್ತದೆ. ಅಂಗಡಿವರೆಗೆ ಹೋಗಲು ದಾರದ ಲೆಕ್ಕ ಸಾಕು. ಗಾಡಿಯ ಎರಡೂ ಪಕ್ಕ ಚಕ್ರದ ನಡುಮಟ್ಟಕ್ಕೆ ದಾರ ಕಟ್ಟಿ. ಮುಂದಿನ ಹಬ್‌ನಿಂದ ದಾರಕ್ಕೆ ಇರುವ ದೂರ ಎಡಬಲ ಸಮ ಇರಲಿ, ಹಿಂದಿನ ಹಬ್‌ನಿಂದಲೂ ಹಾಗೇ. ಎರಡೂ ದಾರ ಒಂದಕ್ಕೊಂದು ಸಮಾನಾಂತರ ಇರಬೇಕು. ಸ್ಟೇರಿಂಗ್ ನೇರ ಇಟ್ಟು ಮುಂದಿನ ರಿಮ್ಮಿನ ಮುಂದಂಚು, ಹಿಂದಂಚಿನಿಂದ ದಾರಕ್ಕೆ ಇರುವ ದೂರ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಆಗುವಂತೆ ಎಡಬಲದ ಟೈ ರಾಡನ್ನು ಸಮನಾಗಿ ತಿರುಗಿಸಿ. ಆಮೇಲೆ ನಿಧಾನವಾಗಿ ತುಮಕೂರಿನ ಬಿ.ಎಚ್. ರಸ್ತೆಯ ಯಾವುದಾದರೂ ಅಲೈನ್‌ಮೆಂಟ್ ಅಂಗಡಿಗೆ ಹೋಗಿ ಮೆಷಿನ್‌ನಲ್ಲಿ ಮಾಡಿಸಿ. ಹೋಗುವ ಮೊದಲು ಟೈರಿನ ಗಾಳಿ ಸರಿಯಿರಲಿ.

ಮೊದಲ ಓಟ ಬಡಾವಣೆಯ ಖಾಲಿ ರಸ್ತೆಯಲ್ಲಿ, ಎರಡನೇ ಗೇರ್ ದಾಟದೆ. ಬ್ರೇಕ್ ಹೊಡೆದು ನೋಡಿ, ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಟೈರ್ ಅಥವಾ ಬ್ರೇಕ್ ಹೋಸ್ ಎಲ್ಲೂ ಉಜ್ಜಬಾರದು. ಎಲ್ಲ ಸರಿ ಅನ್ನಿಸಿದ ಮೇಲೆ ನಾಮದ ಚಿಲುಮೆ ಹಾದು ದೇವರಾಯನದುರ್ಗದ ಕಡೆ ಹೋಗಿ ಬನ್ನಿ. ಕಿಟಕಿ ಇಳಿಸಿ, ರೇಡಿಯೋ ಆರಿಸಿ. ಬೆಟ್ಟದ ತಿರುವಿನಲ್ಲಿ ಒಂದೇ ಪಕ್ಕ ಸದ್ದು ಬಂದರೆ ಆ ಪಕ್ಕದ ಮೇಲಿನ ಮೌಂಟಿಂಗ್ ನಟ್ಟುಗಳನ್ನು ಮೊದಲು ನೋಡಿ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಠಕ್ ಅಂದರೆ ಸ್ಟೆಬಿಲೈಜರ್ ವಾಷರಿನ ಉಬ್ಬು ತಿರುಗುಮುರುಗಾಗಿದೆಯಾ ಅಂತ ಫೋಟೋ ಜತೆ ಹೋಲಿಸಿ.

ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಹಲಗೆ ಮೇಲೆ ಹತ್ತಿಸಿ ಪೇಂಟಿನ ಗೆರೆಗಳನ್ನು ನೋಡಿ. ಗೆರೆ ಒಡೆದು ಜರುಗಿದ್ದರೆ ಆ ನಟ್ ಸಡಿಲಾಗಿದೆ. ಗಾಡಿ ಅದೇ ಸಹಜ ಎತ್ತರದಲ್ಲಿ ನಿಂತಿರುವಾಗಲೇ ಮತ್ತೆ ಲೆಕ್ಕಕ್ಕೆ ಬಿಗಿ ಮಾಡಿ, ಚಕ್ರದ ನಟ್ಟುಗಳಿಗೂ ಟಾರ್ಕ್ ರೆಂಚ್ ಹಾಕಿ ನೋಡಿ.